ಹಳೆಯ ರೆಕಾರ್ಡರ್ ಬಾಕ್ಸ್ ಕೈ ಕೊಡ್ತಾ ಇದೆ, ಹೊಸದು ಯಾವುದು ತಗೊಳ್ಳಲಿ?

ಪ್ರಶ್ನೆ: ನಮ್ಮ ಮನೆಯ ಡಿಜಿಟಲ್ ಟಿವಿ ರೆಕಾರ್ಡರ್ ಬಾಕ್ಸ್‌ಗೆ 8 ವರ್ಷ ಆಯ್ತು. ನಮ್ಮದೇ ದುಡ್ಡಿನಲ್ಲಿ ಕೊಂಡದ್ದು, ನೋಡುವುದೂ ಉಚಿತ ಚಾನೆಲ್‌ಗಳನ್ನೇ. ಒಳಗೆ 500 ಜಿಬಿ ಹಾರ್ಡ್ ಡಿಸ್ಕ್ ಇದೆ. ಡಿಶ್‌ನಿಂದ ಎರಡು ಕೇಬಲ್ ಬಂದಿವೆ. ಇತ್ತೀಚೆಗೆ ರೆಕಾರ್ಡ್ ಮಾಡಿದ್ದನ್ನು ನೋಡುವಾಗ ಚಿತ್ರ ನಿಂತು ನಿಂತು ಹೋಗುತ್ತದೆ. ವಾರಕ್ಕೆ ಒಂದೆರಡು ಸಲ ಬಾಕ್ಸ್ ತಾನಾಗಿಯೇ ಆಫ್ ಆಗಿ ಮತ್ತೆ ಆನ್ ಆಗುತ್ತದೆ. ಅಮ್ಮನ ಧಾರಾವಾಹಿ, ನನ್ನ ಕ್ರಿಕೆಟ್ ಪಂದ್ಯ ಎಲ್ಲ ಅದರಲ್ಲೇ ಇವೆ. 2 ಟಿಬಿಯ ಹೊಸ ಬಾಕ್ಸ್ ತಗೊಂಡರೆ ಸಾಕಾ? ಹಳೆಯ ರೆಕಾರ್ಡಿಂಗ್‌ಗಳನ್ನು ಅದಕ್ಕೆ ಹಾಕಿಕೊಳ್ಳಬಹುದಾ? ಟಿವಿಯಲ್ಲೇ ಯುಎಸ್‌ಬಿ ರೆಕಾರ್ಡಿಂಗ್ ಇದೆಯಂತೆ, ಅದೇ ಸಾಲದಾ?

ಉತ್ತರ: 2 ಟಿಬಿ ವಿಷಯವನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಬರೆದಿರುವುದು ಡಿಸ್ಕ್ ಸೈಜ್ ಅಂತ ಎಲ್ಲರೂ ಮೊದಲು ಅದನ್ನೇ ನೋಡುತ್ತಾರೆ. ಆದರೆ ದಿನಾ ಸಂಜೆ ನಿಮಗೆ ತಲೆನೋವು ಕೊಡುವುದು ಬೇರೆ ಎರಡು ಸಂಗತಿ. ಬಾಕ್ಸ್‌ನಲ್ಲಿ ಎಷ್ಟು ಟ್ಯೂನರ್ (ಚಾನೆಲ್ ಹಿಡಿಯುವ ಭಾಗ) ಇವೆ, ಅವಕ್ಕೆ ನಿಮ್ಮ ಡಿಶ್ ಸಿಗ್ನಲ್ ಒದಗಿಸಬಲ್ಲದೇ ಎಂಬುದು ಒಂದು. ಕಾರ್ಯಕ್ರಮ ಯಾವಾಗ ಶುರುವಾಯಿತು, ಯಾವಾಗ ಮುಗಿಯಿತು ಎಂಬುದನ್ನು ಬಾಕ್ಸ್ ಹೇಗೆ ತಿಳಿದುಕೊಳ್ಳುತ್ತದೆ ಎಂಬುದು ಇನ್ನೊಂದು. ಇವೆರಡು ಸರಿಯಿದ್ದರೆ 500 ಜಿಬಿಯಲ್ಲೇ ಆರಾಮವಾಗಿ ಇರಬಹುದು. ಸರಿಯಿಲ್ಲದಿದ್ದರೆ 4 ಟಿಬಿ ಇದ್ದರೂ ಧಾರಾವಾಹಿಯ ಕೊನೆಯ ಎರಡು ನಿಮಿಷ ಸಿಗುವುದಿಲ್ಲ.

ಅದಕ್ಕೂ ಮೊದಲು, ಹಳೆಯ ಬಾಕ್ಸ್ ನಿಜವಾಗಿ ಹೋಗಿದೆಯಾ ಅಂತ ನೋಡೋಣ. ನೀವು ಹೇಳಿದ ಎರಡೂ ಲಕ್ಷಣಕ್ಕೆ ಬಾಕ್ಸ್ ಕಾರಣ ಆಗಿರಲೇಬೇಕು ಅಂತಿಲ್ಲ.

ಚಿತ್ರ ಹೇಗೆ ಕೆಡುತ್ತದೆ ಎಂಬುದನ್ನು ಸ್ವಲ್ಪ ಗಮನಿಸಿ. ಚೌಕ ಚೌಕವಾಗಿ ಒಡೆದು, ಧ್ವನಿ ಟಕ್ ಟಕ್ ಎಂದು ಕಡಿದು ಹೋಗುತ್ತಿದ್ದರೆ ಅದು ಹೆಚ್ಚಾಗಿ ಸಿಗ್ನಲ್ ತೊಂದರೆ. ಡಿಶ್ ಸ್ವಲ್ಪ ತಿರುಗಿರಬಹುದು, ಕೇಬಲ್ ತುದಿಯ ಕನೆಕ್ಟರ್‌ಗೆ ನೀರು ಹೋಗಿರಬಹುದು. ಚಿತ್ರ ಒಡೆಯದೆ ಹಾಗೇ ಸ್ತಬ್ಧವಾಗಿ ನಿಂತು, ಆ ಹೊತ್ತಿನಲ್ಲಿ ರಿಮೋಟ್ ಒತ್ತಿದರೂ ಬಾಕ್ಸ್ ಕೇಳದೆ, ಕೆಲವು ಸೆಕೆಂಡ್ ಬಿಟ್ಟು ಒಮ್ಮೆಲೇ ಮುಂದೆ ಹಾರಿದರೆ ಅದು ಡಿಸ್ಕ್‌ನ ಕೆಲಸ. ಡಿಸ್ಕ್ ಒಂದು ಕೆಟ್ಟ ಜಾಗವನ್ನು ಓದಲು ಮತ್ತೆ ಮತ್ತೆ ಒದ್ದಾಡುತ್ತಿರುತ್ತದೆ. ಟಿವಿ ಸೌಂಡ್ ಪೂರ್ತಿ ಇಳಿಸಿ ಬಾಕ್ಸ್ ಹತ್ತಿರ ಕಿವಿ ಇಡಿ. ಒಂದೇ ಲಯದಲ್ಲಿ ಕಟ್ ಕಟ್ ಸದ್ದು ಕೇಳಿದರೆ ಡಿಸ್ಕ್‌ನ ಆಯಸ್ಸು ಮುಗಿಯುತ್ತಾ ಬಂದಿದೆ ಎಂದೇ ಲೆಕ್ಕ.

ಇನ್ನೊಂದು ಪರೀಕ್ಷೆ ಇದೆ. ತೊಂದರೆ ಬಂದ ಜಾಗಕ್ಕೆ ಹಿಂದಕ್ಕೆ ಹೋಗಿ ಮತ್ತೆ ಪ್ಲೇ ಮಾಡಿ. ಅದೇ ಜಾಗದಲ್ಲಿ ಅದೇ ಚೌಕಗಳು ಬಂದರೆ ರೆಕಾರ್ಡ್ ಆಗುವಾಗಲೇ ಸಿಗ್ನಲ್ ಕೆಟ್ಟಿತ್ತು. ಅದೇ ಜಾಗದಲ್ಲಿ ಸ್ತಬ್ಧವಾದರೆ ಡಿಸ್ಕ್‌ನಲ್ಲಿ ಆ ಜಾಗ ಹಾಳಾಗಿದೆ. ಒಂದೊಂದು ಸಲ ಒಂದೊಂದು ಕಡೆ ನಿಂತರೆ ಬಿಸಿ ಅಥವಾ ಕರೆಂಟ್ ಕಡೆ ನೋಡಬೇಕು. ಲೈವ್ ನೋಡುವಾಗಲೂ ಚಿತ್ರ ನಿಲ್ಲುತ್ತದೆ, ಹಾಗಾಗಿ ಡಿಸ್ಕ್ ಅಲ್ಲ ಅಂತ ಹೇಳುವವರಿದ್ದಾರೆ. ಅದನ್ನು ನಂಬಬೇಡಿ. ಲೈವ್ ನೋಡುವಾಗಲೂ ಬಹಳಷ್ಟು ಬಾಕ್ಸ್‌ಗಳು ಹಿನ್ನೆಲೆಯಲ್ಲಿ ಡಿಸ್ಕ್‌ಗೆ ಬರೆಯುತ್ತಲೇ ಇರುತ್ತವೆ. ನೀವು ಪಾಸ್ ಒತ್ತಿ ಎದ್ದು ಹೋಗಿ ಬಂದು ಅಲ್ಲಿಂದಲೇ ಮುಂದುವರಿಸಲು ಆಗುವುದು ಅದರಿಂದಲೇ. ಸೆಟ್ಟಿಂಗ್‌ನಲ್ಲಿ ಈ ಟೈಮ್‌ಶಿಫ್ಟ್ ಅನ್ನು ಆಫ್ ಮಾಡಲು ಬರುವುದಾದರೆ ಮಾಡಿ ನೋಡಿ. ಲೈವ್ ಚಿತ್ರ ಸರಿಹೋದರೆ ಕಳ್ಳ ಸಿಕ್ಕಿದ.

ತಾನಾಗಿಯೇ ಆಫ್ ಆಗಿ ಆನ್ ಆಗುವುದಕ್ಕೆ ನನ್ನ ಮೊದಲ ಅನುಮಾನ ಅಡಾಪ್ಟರ್ ಮೇಲೆ. ಅದರೊಳಗಿನ ಕೆಪಾಸಿಟರ್‌ಗಳು ಬಿಸಿಯಲ್ಲಿ ವರ್ಷಗಟ್ಟಲೆ ಇದ್ದು ಒಣಗುತ್ತವೆ. ಡಿಸ್ಕ್ ತಿರುಗಲು ಶುರು ಮಾಡುವ ಕ್ಷಣದಲ್ಲಿ ಅದಕ್ಕೆ ಮಾಮೂಲಿಗಿಂತ ಹಲವು ಪಟ್ಟು ಕರೆಂಟ್ ಬೇಕು. ಸೊರಗಿದ ಅಡಾಪ್ಟರ್ ಅಲ್ಲಿ ಕೈ ಚೆಲ್ಲುತ್ತದೆ, ಬಾಕ್ಸ್ ರೀಸ್ಟಾರ್ಟ್ ಆಗುತ್ತದೆ. ಕರೆಂಟ್ ಸಾಲದೆ ಡಿಸ್ಕ್ ತಡವರಿಸಿ ಚಿತ್ರ ನಿಲ್ಲುವುದೂ ಉಂಟು. ಅಂದರೆ ನಿಮ್ಮ ಎರಡೂ ತೊಂದರೆಗೆ ಈ ಒಂದು ಸಣ್ಣ ವಸ್ತುವೇ ಕಾರಣ ಇರಬಹುದು. ಅದೇ ವೋಲ್ಟ್, ಅದೇ ಪಿನ್, ಅದೇ ಪ್ಲಸ್-ಮೈನಸ್, ಆಂಪಿಯರ್ ಮಾತ್ರ ಅಷ್ಟೇ ಅಥವಾ ಸ್ವಲ್ಪ ಜಾಸ್ತಿ ಇರುವ ಅಡಾಪ್ಟರ್ ಹಾಕಿ ಒಂದು ವಾರ ನೋಡಿ. ಹೊಸ ಬಾಕ್ಸ್‌ನ ಖರ್ಚಿನ ಮುಂದೆ ಇದು ಏನೂ ಅಲ್ಲ. ಪವರ್ ಸಪ್ಲೈ ಬಾಕ್ಸ್ ಒಳಗೇ ಇದ್ದರೆ ಮಾತ್ರ ನೀವಾಗಿ ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಅಲ್ಲಿ ಶಾಕ್ ಹೊಡೆಯುವಷ್ಟು ಕರೆಂಟ್ ಉಳಿದಿರಬಹುದು. ರಿಪೇರಿ ಗೊತ್ತಿರುವವರಿಗೆ ಕೊಡಿ.

ಡಿಸ್ಕ್ ಒಂದೇ ಹೋಗಿದ್ದರೆ ಅದನ್ನಷ್ಟೇ ಬದಲಿಸುವ ದಾರಿಯೂ ಇದೆ, ಬಾಕ್ಸ್ ಹೇಗೂ ನಿಮ್ಮದೇ. (ಚಾನೆಲ್ ಕಂಪನಿ ಬಾಡಿಗೆಗೆ ಕೊಟ್ಟ ಬಾಕ್ಸ್ ಆದರೆ ಮುಟ್ಟುವ ಹಾಗಿಲ್ಲ.) ಹೊಸ ಡಿಸ್ಕ್ ಹಾಕಿ ಆನ್ ಮಾಡಿದರೆ ಬಹಳಷ್ಟು ಬಾಕ್ಸ್‌ಗಳು ಫಾರ್ಮ್ಯಾಟ್ ಮಾಡಲೇ ಅಂತ ಕೇಳಿ ತಾವೇ ಸಿದ್ಧಪಡಿಸಿಕೊಳ್ಳುತ್ತವೆ. ಕಂಪ್ಯೂಟರ್‌ಗೆ ಹಾಕುವ ಮಾಮೂಲಿ ಡಿಸ್ಕ್ ಬದಲು ಸಿಸಿಟಿವಿ ರೆಕಾರ್ಡರ್‌ಗೆ ಅಂತ ಮಾರುವ ಡಿಸ್ಕ್ ತಗೊಳ್ಳಿ. ವೆಸ್ಟರ್ನ್ ಡಿಜಿಟಲ್‌ನ ಪರ್ಪಲ್, ಸೀಗೇಟ್‌ನ ಸ್ಕೈಹಾಕ್ ಈ ಜಾತಿಯವು. ಕೆಟ್ಟ ಜಾಗ ಸಿಕ್ಕಾಗ ಮಾಮೂಲಿ ಡಿಸ್ಕ್ ಹೇಗಾದರೂ ಓದಲೇಬೇಕು ಅಂತ ಹಟ ಹಿಡಿದು ಕೂರುತ್ತದೆ. ಇಂಥ ಡಿಸ್ಕ್‌ಗಳು ಬೇಗ ಕೈಬಿಟ್ಟು ಮುಂದೆ ಹೋಗುವ ಹಾಗೆ ಮಾಡಿರುತ್ತಾರೆ. ನಿಮಗೆ ಕಾಣುವುದು ಒಂದು ಸಣ್ಣ ಕಲೆ ಅಷ್ಟೇ, ಸಿನಿಮಾ ನಿಲ್ಲುವುದಿಲ್ಲ. ಹಳೆಯ ಬಾಕ್ಸ್‌ಗಳಲ್ಲಿ ಹಲವು 2 ಟಿಬಿಗಿಂತ ದೊಡ್ಡ ಡಿಸ್ಕ್ ಅನ್ನು ಪೂರ್ತಿ ಗುರುತಿಸುವುದಿಲ್ಲ, ಅದನ್ನೂ ನೋಡಿಕೊಳ್ಳಿ. ಸದ್ದು ಬೇಡ ಅನ್ನುವವರು ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿ ಕೂಡ ಹಾಕಬಹುದು. ಟೈಮ್‌ಶಿಫ್ಟ್ ಬರೆದು ಬರೆದು ಸವೆದು ಹೋಗುತ್ತದೆ ಎಂಬ ಹೆದರಿಕೆ ಸ್ವಲ್ಪ ಅತಿಯಾಯಿತು. ಸೆಕೆಂಡಿಗೆ 8 ಮೆಗಾಬಿಟ್ ಲೆಕ್ಕದಲ್ಲಿ ಹಗಲೂ ರಾತ್ರಿ ಬರೆದರೂ ದಿನಕ್ಕೆ ಸುಮಾರು 86 ಜಿಬಿ, ವರ್ಷಕ್ಕೆ ಸುಮಾರು 32 ಟಿಬಿ. 1 ಟಿಬಿ ಎಸ್‌ಎಸ್‌ಡಿಗಳಿಗೆ ಕಂಪನಿಗಳು ಹೇಳುವ ಮಿತಿ ಸಾಮಾನ್ಯವಾಗಿ ಕೆಲವು ನೂರು ಟಿಬಿ ಇರುತ್ತದೆ.

ಈಗ ಹಳೆಯ ರೆಕಾರ್ಡಿಂಗ್‌ಗಳ ವಿಷಯ. ಬೇಜಾರಿನ ಸುದ್ದಿ ಇದು: ಹೊಸ ಬಾಕ್ಸ್‌ಗೆ ಅವು ಹೋಗುವುದಿಲ್ಲ ಎಂದೇ ಇಟ್ಟುಕೊಳ್ಳಿ. ಬಹಳಷ್ಟು ಬಾಕ್ಸ್‌ಗಳು ರೆಕಾರ್ಡಿಂಗ್‌ಗೆ ಬೀಗ ಹಾಕಿ ಇಡುತ್ತವೆ, ಬೀಗದ ಕೀಲಿ ಆ ಬಾಕ್ಸ್‌ನ ಚಿಪ್ ಒಳಗಿರುತ್ತದೆ. ಅದೇ ಕಂಪನಿಯ ಅದೇ ಮಾಡೆಲ್ ತಂದು ಡಿಸ್ಕ್ ಬದಲಾಯಿಸಿದರೂ ಕೀಲಿ ಬೇರೆ. ಡಿಸ್ಕ್ ಬಿಚ್ಚಿ ವಿಂಡೋಸ್ ಕಂಪ್ಯೂಟರ್‌ಗೆ ಹಾಕಿದರೆ ಅದು ಓದಲು ಬಾರದೆ ಫಾರ್ಮ್ಯಾಟ್ ಮಾಡಲಾ ಅಂತ ಕೇಳುತ್ತದೆ. ಬಾಕ್ಸ್‌ಗಳ ಡಿಸ್ಕ್ ಸಾಮಾನ್ಯವಾಗಿ ಲಿನಕ್ಸ್ ಪದ್ಧತಿಯಲ್ಲಿರುವುದು ಇದಕ್ಕೆ ಕಾರಣ. ಅಲ್ಲಿ ಅಪ್ಪಿತಪ್ಪಿಯೂ ಹೌದು ಒತ್ತಬೇಡಿ.

ಮೊದಲು ಬಾಕ್ಸ್‌ನ ಮೆನುವಿನಲ್ಲಿ ಯುಎಸ್‌ಬಿಗೆ ಕಾಪಿ ಮಾಡುವ ಆಯ್ಕೆ ಹುಡುಕಿ. ಎಸ್‌ಡಿ ಚಾನೆಲ್‌ಗಳದ್ದು ಕಾಪಿ ಆಗಲು ಬಿಡುವ, ಎಚ್‌ಡಿಯದ್ದನ್ನು ಬಿಡದ ಬಾಕ್ಸ್‌ಗಳು ಸಾಕಷ್ಟಿವೆ. ಅದೂ ಇಲ್ಲದಿದ್ದರೆ ಹಿಂದೆ ಹಳದಿ-ಕೆಂಪು-ಬಿಳಿ ಎವಿ ತೂತುಗಳು ಇವೆಯಾ ನೋಡಿ. ಅಲ್ಲಿಂದ ಬರುವ ಚಿತ್ರವನ್ನು ಫೈಲ್ ಆಗಿ ಮಾಡುವ ಕ್ಯಾಪ್ಚರ್ ಸಾಧನದ ಮೂಲಕ ಕಂಪ್ಯೂಟರ್‌ಗೆ ಇಳಿಸಬಹುದು. ಎರಡು ಗಂಟೆಯ ಕಾರ್ಯಕ್ರಮಕ್ಕೆ ಎರಡು ಗಂಟೆಯೇ ಬೇಕು, ಎಚ್‌ಡಿ ಸ್ಪಷ್ಟತೆಯೂ ಉಳಿಯುವುದಿಲ್ಲ. ಮದುವೆಯ ವಿಡಿಯೊ ಆಗಿದ್ದರೆ ಈ ಕಷ್ಟ ಪಡಬಹುದು. ಧಾರಾವಾಹಿಗಾದರೆ ನಾನಂತೂ ಪಡುವುದಿಲ್ಲ. ಸುಮ್ನೆ ಹಳೆಯ ಬಾಕ್ಸ್ ಅನ್ನು ಟಿವಿಯ ಎರಡನೇ ಎಚ್‌ಡಿಎಂಐಗೆ ಹಾಕಿಟ್ಟು ನೋಡಿ ಮುಗಿಸಿ. ಉಚಿತ ಚಾನೆಲ್‌ಗಳ ರೆಕಾರ್ಡಿಂಗ್ ಸಾಮಾನ್ಯವಾಗಿ ಡಿಶ್ ಕೇಬಲ್ ಇಲ್ಲದೆಯೂ ಪ್ಲೇ ಆಗುತ್ತದೆ.

ಹೊಸದು ತಗೊಳ್ಳಲೇಬೇಕು ಅಂತಾದರೆ ಟ್ಯೂನರ್‌ನಿಂದ ಶುರು ಮಾಡಿ. ಒಂದು ಟ್ಯೂನರ್ ಒಂದು ಹೊತ್ತಿಗೆ ಒಂದು ಫ್ರೀಕ್ವೆನ್ಸಿಯನ್ನು ಹಿಡಿಯುತ್ತದೆ. ಒಂದು ಫ್ರೀಕ್ವೆನ್ಸಿಯಲ್ಲಿ ಹಲವು ಚಾನೆಲ್‌ಗಳು ಒಟ್ಟಿಗೆ ಬರುತ್ತವೆ, ಒಂದೇ ಬಸ್ಸಿನಲ್ಲಿ ಕೂತ ಪ್ರಯಾಣಿಕರ ಹಾಗೆ. ಒಳ್ಳೆಯ ಬಾಕ್ಸ್ ಆದರೆ ಒಂದೇ ಟ್ಯೂನರ್‌ನಲ್ಲಿ ಆ ಗುಂಪಿನ ಎರಡು ಮೂರು ಚಾನೆಲ್ ಒಟ್ಟಿಗೆ ರೆಕಾರ್ಡ್ ಮಾಡುತ್ತದೆ. ಸಾಧಾರಣ ಬಾಕ್ಸ್ ಒಂದಕ್ಕೇ ನಿಲ್ಲುತ್ತದೆ. ಎರಡು ಟ್ಯೂನರ್ ಅಂದರೆ ಎರಡು ರೆಕಾರ್ಡಿಂಗ್ ಅಂತ ಮಾರುವವರು ಹೇಳಿದರೆ, ಆಗ ಮೂರನೆಯದನ್ನು ಲೈವ್ ನೋಡಬಹುದಾ ಅಂತ ಕೇಳಿ. ಉತ್ತರ ತಡವಾದರೆ ಮ್ಯಾನ್ಯುಯಲ್ ತೆರೆಸಿ.

ನಿಮಗೆ ಎಷ್ಟು ಬೇಕು? ಒಂದು ಸಂಜೆಯ ಲೆಕ್ಕ ಹಾಕೋಣ. ಅಮ್ಮನ ಒಂದು ಧಾರಾವಾಹಿ 8ರಿಂದ 8:30, ಇನ್ನೊಂದು ಬೇರೆ ಚಾನೆಲ್‌ನಲ್ಲಿ 8:30ರಿಂದ 9. ಕಾರ್ಯಕ್ರಮ ಸ್ವಲ್ಪ ಮುಂಚೆ ಶುರುವಾದರೆ, ತಡವಾಗಿ ಮುಗಿದರೆ ತಪ್ಪಿಹೋಗದಿರಲಿ ಅಂತ ಶುರುವಿಗೆ ಮುಂಚೆ 3 ನಿಮಿಷ, ಮುಗಿದ ಮೇಲೆ 5 ನಿಮಿಷ ಸೇರಿಸಿದ್ದೀರಿ. ಆಗ 8:27ರಿಂದ 8:35ರವರೆಗೆ ಎರಡು ಟ್ಯೂನರ್ ಇವಕ್ಕೇ ಹೋಯಿತು. ಅದೇ ಹೊತ್ತಿಗೆ ಪಂದ್ಯವೂ ರೆಕಾರ್ಡ್ ಆಗುತ್ತಿದ್ದರೆ ಮೂರು ಬೇಕು. ಎರಡೇ ಇದ್ದರೆ ಬಾಕ್ಸ್ ಯಾವುದೋ ಒಂದನ್ನು ಬಿಡುತ್ತದೆ. ಯಾವುದನ್ನು ಬಿಡುತ್ತದೆ ಅಂತ ಎಷ್ಟೋ ಬಾಕ್ಸ್‌ಗಳು ಮುಂಚೆ ಹೇಳುವುದೂ ಇಲ್ಲ. ಮನೆಯಲ್ಲಿ ಒಬ್ಬರೇ ನೋಡುವುದಾದರೆ ಎರಡು ಟ್ಯೂನರ್ ಸಾಕು. ನಿಮ್ಮ ಮನೆಯಲ್ಲಿ ಇಬ್ಬರ ಆಸೆ ಒಂದೇ ಹೊತ್ತಿಗೆ ಇದೆ, ಮೂರು ಅಥವಾ ನಾಲ್ಕು ಇರುವುದೇ ಒಳ್ಳೆಯದು.

ಆದರೆ ನಾಲ್ಕು ಟ್ಯೂನರ್ ಬಾಕ್ಸ್ ತಂದು ಎರಡೇ ಕೇಬಲ್ ಚುಚ್ಚಿದರೆ ದುಡ್ಡು ದಂಡ. ಡಿಶ್ ತುದಿಯಲ್ಲಿ ಸಿಗ್ನಲ್ ಹಿಡಿದು ಕೇಬಲ್‌ಗೆ ಇಳಿಸುವ ಎಲ್‌ಎನ್‌ಬಿ ಹೇಗೆ ಕೆಲಸ ಮಾಡುತ್ತದೆ ಅಂತ ಗೊತ್ತಾದರೆ ಇದು ಸುಲಭವಾಗಿ ಅರ್ಥವಾಗುತ್ತದೆ. ಮಾಮೂಲಿ ಯುನಿವರ್ಸಲ್ ಎಲ್‌ಎನ್‌ಬಿಯಲ್ಲಿ ಉಪಗ್ರಹದ ಚಾನೆಲ್‌ಗಳು ನಾಲ್ಕು ಪಾಲಾಗಿರುತ್ತವೆ. ಬಾಕ್ಸ್ ಕೇಬಲ್‌ನಲ್ಲಿ 13 ವೋಲ್ಟ್ ಕಳಿಸಿದರೆ ಲಂಬ ತರಂಗಗಳು, 18 ವೋಲ್ಟ್ ಕಳಿಸಿದರೆ ಅಡ್ಡ ತರಂಗಗಳು. ಅದರ ಜೊತೆಗೆ 22 ಕಿಲೋಹರ್ಟ್ಜ್ ಟೋನ್ ಕಳಿಸಿದರೆ ಮೇಲಿನ ಬ್ಯಾಂಡ್ (ಹೆಚ್ಚಿನ ಫ್ರೀಕ್ವೆನ್ಸಿಗಳ ಪಾಲು), ಕಳಿಸದಿದ್ದರೆ ಕೆಳಗಿನದು. ಒಂದು ಕೇಬಲ್‌ನಲ್ಲಿ ಒಂದು ಹೊತ್ತಿಗೆ ಒಂದೇ ಪಾಲು ಇಳಿದು ಬರುತ್ತದೆ. ಅದಕ್ಕೇ ಟ್ಯೂನರ್‌ಗೆ ಒಂದರಂತೆ ಕೇಬಲ್ ಬೇಕು. ನಡುವೆ ಸ್ಪ್ಲಿಟರ್ ಹಾಕಿ ಒಂದನ್ನು ಎರಡು ಮಾಡಿದರೆ ಒಂದು ಟ್ಯೂನರ್ 13 ಕೇಳುತ್ತದೆ, ಇನ್ನೊಂದು 18 ಕೇಳುತ್ತದೆ, ಅರ್ಧ ಚಾನೆಲ್‌ಗಳು ಬಂದೂ ಬಾರದ ಹಾಗೆ ಆಗುತ್ತವೆ.

ಗೋಡೆ ಕೊರೆದು ಇನ್ನೆರಡು ಕೇಬಲ್ ಎಳೆಯಲು ಮನಸ್ಸಿಲ್ಲ ಅಂದರೆ ಯುನಿಕೇಬಲ್ ಎಲ್‌ಎನ್‌ಬಿ ಎಂಬ ಇನ್ನೊಂದು ಬಗೆ ಇದೆ. ಒಂದೇ ಕೇಬಲ್‌ನಲ್ಲಿ ಪ್ರತಿ ಟ್ಯೂನರ್‌ಗೂ ಬೇರೆ ಬೇರೆ ಫ್ರೀಕ್ವೆನ್ಸಿ ಕೊಡುತ್ತದೆ. ಇದರ ಮೊದಲ ಪದ್ಧತಿಯಲ್ಲಿ 8 ಟ್ಯೂನರ್‌ವರೆಗೆ, ಎರಡನೆಯದರಲ್ಲಿ 32ರವರೆಗೆ ಸಾಧ್ಯ. ಬಾಕ್ಸ್ ಕೂಡ ಅದೇ ಪದ್ಧತಿಯನ್ನು ಒಪ್ಪಬೇಕು, ಮನೆಯಲ್ಲಿ ಬೇರೆ ಹಳೆಯ ಬಾಕ್ಸ್ ಇದ್ದರೆ ಅದೂ ಒಪ್ಪಬೇಕು. (ಡಿಶ್ ಬದಲು ಮಾಮೂಲಿ ಆಂಟೆನಾ ಇರುವವರಿಗೆ ಈ ರಗಳೆ ಯಾವುದೂ ಇಲ್ಲ. ಒಂದೇ ತಂತಿಯಲ್ಲಿ ಎಲ್ಲ ಫ್ರೀಕ್ವೆನ್ಸಿಯೂ ಬರುತ್ತದೆ, ಬಾಕ್ಸ್ ಒಳಗೇ ಹಂಚಿಕೊಳ್ಳುತ್ತದೆ.)

ಸಿಗ್ನಲ್ ಯಾವ ಬಗೆಯದು ಎಂಬುದನ್ನೂ ಒಮ್ಮೆ ನೋಡಿಕೊಳ್ಳಿ. ಡಿಶ್‌ಗೆ ಡಿವಿಬಿ-ಎಸ್2, ಕೇಬಲ್‌ಗೆ ಡಿವಿಬಿ-ಸಿ, ಆಂಟೆನಾಗೆ ಯುರೋಪ್‌ನ ಬಹುಭಾಗದಲ್ಲಿ ಡಿವಿಬಿ-ಟಿ ಅಥವಾ ಟಿ2, ಅಮೆರಿಕದಲ್ಲಿ ಎಟಿಎಸ್‌ಸಿ, ಜಪಾನ್‌ನಲ್ಲಿ ಐಎಸ್‌ಡಿಬಿ-ಟಿ. ವಿದೇಶದಲ್ಲಿರುವ ನೆಂಟರು ಕಡಿಮೆಗೆ ಸಿಕ್ಕಿತು ಅಂತ ತಂದುಕೊಡುವ ಬಾಕ್ಸ್ ಎಷ್ಟೋ ಸಲ ಈ ಕಾರಣಕ್ಕೇ ಮೂಲೆ ಸೇರುತ್ತದೆ. ಚಿತ್ರವನ್ನು ಕುಗ್ಗಿಸಿ ಕಳಿಸುವ ಹೊಸ ಪದ್ಧತಿಯಾದ ಎಚ್.265 ಬಿಚ್ಚಲು ಬರುವ ಬಾಕ್ಸ್ ಅನ್ನೇ ತಗೊಳ್ಳಿ. ಜರ್ಮನಿಯ ಆಂಟೆನಾ ಪ್ರಸಾರ ಆಗಲೇ ಅದಕ್ಕೆ ಬದಲಾಗಿದೆ. ಅಂಥ ಕಡೆ ಹಳೆಯ ಬಾಕ್ಸ್‌ಗೆ ಸಿಗ್ನಲ್ ಸಿಕ್ಕಿದರೂ ಚಿತ್ರ ಕಾಣದು.

ನಿಮ್ಮದು ಉಚಿತ ಚಾನೆಲ್ ಆದ್ದರಿಂದ, ಸಿಗ್ನಲ್ ಬಗೆ ಹೊಂದಿದರೆ ಅಂಗಡಿಯ ಯಾವ ಬಾಕ್ಸ್ ಆದರೂ ನಡೆಯುತ್ತದೆ. ಮುಂದೆ ಪಾವತಿ ಚಾನೆಲ್ ಹಾಕಿಸುವ ಯೋಚನೆ ಇದ್ದರೆ ಮಾತ್ರ ಈಗ ತಡೆಯಿರಿ. ಅವರ ಕಾರ್ಡ್ ಸಾಮಾನ್ಯವಾಗಿ ಅವರದೇ ಬಾಕ್ಸ್‌ಗೆ ಜೋಡಿಯಾಗಿರುತ್ತದೆ. ಆ ಕಾರ್ಡ್ ಕೂರಿಸುವ ಸಿಐ ಪ್ಲಸ್ ಮಾಡ್ಯೂಲ್ ಹಾಕಿ ಬೇರೆ ಬಾಕ್ಸ್‌ನಲ್ಲಿ ನೋಡಬಹುದಾದರೂ ರೆಕಾರ್ಡಿಂಗ್ ಮೇಲೆ ಚಾನೆಲ್‌ನವರ ಹಿಡಿತ ಇರುತ್ತದೆ. ಕಾಪಿ ಮಾಡಲೇಬಾರದು ಎಂಬ ಗುರುತು ಹಾಕಿದ್ದರೆ 90 ನಿಮಿಷದ ನಂತರ ಅದನ್ನು ನೋಡಲು ಬಿಡದೆಯೂ ಇರಬಹುದು.

ಇನ್ನು ಗೈಡ್, ಅಂದರೆ ಕಾರ್ಯಕ್ರಮಗಳ ವೇಳಾಪಟ್ಟಿ. ನನ್ನ ಪ್ರಕಾರ ಬಾಕ್ಸ್‌ಗಳ ನಡುವಿನ ನಿಜವಾದ ವ್ಯತ್ಯಾಸ ಗೊತ್ತಾಗುವುದೇ ಇಲ್ಲಿ. ಸರಳ ಬಾಕ್ಸ್ ಗಡಿಯಾರ ನೋಡಿ ರೆಕಾರ್ಡ್ ಮಾಡುತ್ತದೆ. ಚುರುಕಾದ ಬಾಕ್ಸ್ ಪ್ರಸಾರದ ಜೊತೆಗೆ ಬರುವ ಮಾಹಿತಿಯನ್ನು ನೋಡುತ್ತದೆ. ಈಗ ಯಾವ ಕಾರ್ಯಕ್ರಮ, ಮುಂದಿನದು ಯಾವುದು ಅಂತ ಚಾನೆಲ್ ಕಳಿಸುತ್ತಲೇ ಇರುತ್ತದೆ. ಆ ಗುರುತು ಬದಲಾದ ಕ್ಷಣಕ್ಕೆ ಇಂಥ ಬಾಕ್ಸ್ ಶುರು ಮಾಡುತ್ತದೆ, ನಿಲ್ಲಿಸುತ್ತದೆ. ಧಾರಾವಾಹಿಗೆ ಒಂದು ಗುರುತಿನ ಸಂಖ್ಯೆ ಕಳಿಸುವ ಪ್ರಸಾರಗಳೂ ಇವೆ. ಒಮ್ಮೆ ಸೀರೀಸ್ ರೆಕಾರ್ಡ್ ಒತ್ತಿದರೆ ಸಮಯ ಬದಲಾದರೂ ಬಾಕ್ಸ್ ಹುಡುಕಿ ಹಿಡಿಯುತ್ತದೆ, ಮರುಪ್ರಸಾರವನ್ನು ಬಿಡುತ್ತದೆ. ಅಮ್ಮನಿಗೆ ಇದು ದೊಡ್ಡ ಉಪಕಾರ.

ಆದರೆ ಚಾನೆಲ್‌ನವರು ಸರಿಯಾಗಿ ಕಳಿಸಿದರೆ ಮಾತ್ರ ಈ ಚುರುಕುತನ ಕೆಲಸಕ್ಕೆ ಬರುತ್ತದೆ, ಅಲ್ವಾ? ಎಲ್ಲರೂ ಕಳಿಸುವುದಿಲ್ಲ. ಹಾಗಾಗಿ ಪ್ರತಿ ರೆಕಾರ್ಡಿಂಗ್‌ಗೂ ಬೇರೆ ಬೇರೆಯಾಗಿ ನಿಮಿಷ ಸೇರಿಸಲು ಬರುವ ಬಾಕ್ಸ್ ತಗೊಳ್ಳಿ. ಎಲ್ಲದಕ್ಕೂ ಒಂದೇ ಸೆಟ್ಟಿಂಗ್ ಇರುವ ಬಾಕ್ಸ್ ನಿಮಗೆ ಆಗುವುದಿಲ್ಲ. ಧಾರಾವಾಹಿಗೆ 5 ನಿಮಿಷ ಸಾಕು. ಪಂದ್ಯಕ್ಕೆ ಒಂದು ಗಂಟೆಯಾದರೂ ಬೇಕು. ಮಳೆ ಬಂದರೆ, ಸೂಪರ್ ಓವರ್‌ಗೆ ಹೋದರೆ ಇನ್ನೂ ಜಾಸ್ತಿ. ಪಂದ್ಯದ ನಂತರದ ಕಾರ್ಯಕ್ರಮವನ್ನೂ ರೆಕಾರ್ಡ್‌ಗೆ ಹಾಕಿಡುವುದು ಹಳೆಯ ಉಪಾಯ, ಇವತ್ತಿಗೂ ಅದಕ್ಕಿಂತ ಗ್ಯಾರಂಟಿಯಾದದ್ದು ಇಲ್ಲ.

ಗೈಡ್ ಎಲ್ಲಿಂದ ಬರುತ್ತದೆ ಎಂಬುದನ್ನೂ ಕೇಳಿ. ಕೆಲವು ಬಾಕ್ಸ್‌ಗಳು ಇಂಟರ್‌ನೆಟ್‌ನಿಂದ ಕಂಪನಿಯ ಗೈಡ್ ತರಿಸಿಕೊಳ್ಳುತ್ತವೆ. ಚಿತ್ರಗಳ ಜೊತೆಗೆ ಚೆನ್ನಾಗಿ ಕಾಣುತ್ತದೆ. ಕಂಪನಿ ಆ ಸೇವೆ ನಿಲ್ಲಿಸಿದ ದಿನ ಕಷ್ಟ. ಬ್ರಿಟನ್‌ನಲ್ಲಿ ಮಾರಾಟವಾಗಿದ್ದ ಮೊದಲ ತಲೆಮಾರಿನ ಟಿವೋ ಬಾಕ್ಸ್‌ಗಳಿಗೆ 2011ರ ಜೂನ್‌ನಲ್ಲಿ ಗೈಡ್ ಸೇವೆ ನಿಂತಿತು. ಚೆನ್ನಾಗಿ ನಡೆಯುತ್ತಿದ್ದ ಯಂತ್ರಗಳು ಕೂಡ ಆಮೇಲೆ ಏನು ರೆಕಾರ್ಡ್ ಮಾಡಬೇಕು ಅಂತ ತಿಳಿಯದ ಸ್ಥಿತಿಗೆ ಬಂದವು. ಪ್ರಸಾರದಲ್ಲೇ ಬರುವ ಗೈಡ್ ಅನ್ನೂ ಓದುವ ಬಾಕ್ಸ್ ಇದ್ದರೆ ಈ ಭಯ ಇಲ್ಲ.

ಡಿಸ್ಕ್ ಸೈಜ್‌ಗೆ ಈಗ ಬರೋಣ, ಹೆಚ್ಚು ಹೊತ್ತು ಬೇಡ. ರೆಕಾರ್ಡರ್ ಪ್ರಸಾರವನ್ನು ಬಂದ ಹಾಗೇ ಬರೆದಿಡುತ್ತದೆ. ಎಚ್‌ಡಿ ಚಾನೆಲ್ ಸೆಕೆಂಡಿಗೆ ಸುಮಾರು 8 ಮೆಗಾಬಿಟ್ ಅಂತ ಹಿಡಿದರೆ ಗಂಟೆಗೆ 3.6 ಜಿಬಿ. 500 ಜಿಬಿಯಲ್ಲಿ ಸುಮಾರು 138 ಗಂಟೆ, 1 ಟಿಬಿಯಲ್ಲಿ 277 ಗಂಟೆ. ಎಸ್‌ಡಿ ಆದರೆ ಇದರ ಎರಡು ಮೂರು ಪಟ್ಟು. ಆ ವಾರದ್ದು ಆ ವಾರ ನೋಡಿ ಅಳಿಸುವ ಮನೆಗೆ 1 ಟಿಬಿ ಧಾರಾಳ. 2 ಟಿಬಿ ತಗೊಂಡವರ ಮನೆಯಲ್ಲಿ ಅರ್ಧ ಡಿಸ್ಕ್ ಯಾರೂ ನೋಡದ ಸಿನಿಮಾಗಳಿಂದ ತುಂಬಿರುವುದನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಸೈಜ್‌ಗಿಂತ ಡಿಸ್ಕ್ ಅನ್ನು ಸುಲಭವಾಗಿ ಬಿಚ್ಚಿ ಬದಲಿಸಲು ಬರುತ್ತದಾ ಅಂತ ನೋಡಿ. ಮೊದಲು ಸವೆಯುವ ಭಾಗ ಹೆಚ್ಚಾಗಿ ಅದೇ.

ಟಿವಿಯ ಯುಎಸ್‌ಬಿ ರೆಕಾರ್ಡಿಂಗ್ ನಿಮ್ಮ ಮನೆಗೆ ಸಾಲದು. ಬಹಳಷ್ಟು ಟಿವಿಗಳಲ್ಲಿ ಒಂದೇ ಟ್ಯೂನರ್ ಇರುತ್ತದೆ. ರೆಕಾರ್ಡ್ ಆಗುವಾಗ ಬೇರೆ ಚಾನೆಲ್ ಹಾಕಲು ಹೋದರೆ ರೆಕಾರ್ಡಿಂಗ್ ನಿಲ್ಲಿಸಲಾ ಅಂತ ಕೇಳುತ್ತದೆ. ಆ ಫೈಲ್‌ಗೂ ಬೀಗ ಇರುತ್ತದೆ. ಟಿವಿಯ ಬೋರ್ಡ್ ಬದಲಿಸಿದರೆ ಎಲ್ಲ ಹೋದಂತೆ. ಅಡುಗೆಮನೆಯ ಎರಡನೇ ಟಿವಿಗೆ ಅದು ಪರವಾಗಿಲ್ಲ, ಆಗಲೂ ಪೆನ್‌ಡ್ರೈವ್ ಬೇಡ, ಸಣ್ಣ ಹಾರ್ಡ್ ಡಿಸ್ಕ್ ಹಾಕಿ. ಮನೆಯ ನೆಟ್‌ವರ್ಕ್‌ಗೆ ಚಾನೆಲ್ ಕೊಡುವ ನೆಟ್‌ವರ್ಕ್ ಟ್ಯೂನರ್ ಇಟ್ಟು, ಕಂಪ್ಯೂಟರ್‌ನಲ್ಲಿ ಟಿವಿಹೆಡೆಂಡ್ ಅಥವಾ ಪ್ಲೆಕ್ಸ್ ಎಂಬ ಸಾಫ್ಟ್‌ವೇರ್‌ನಿಂದ ರೆಕಾರ್ಡ್ ಮಾಡುವ ದಾರಿಯೂ ಇದೆ. ನನಗೆ ಬಹಳ ಇಷ್ಟದ್ದು. ಆದರೆ ಅದು ಕೆಟ್ಟ ದಿನ ನೀವು ಊರಲ್ಲಿ ಇಲ್ಲದಿದ್ದರೆ ಅಮ್ಮ ಏನು ಮಾಡಬೇಕು ಅಂತ ಯೋಚಿಸಿ.

ಅಂದ ಹಾಗೆ, ಕೊಳ್ಳುವ ಮುಂಚೆ ರಿಮೋಟ್ ಅನ್ನು ಅಮ್ಮನ ಕೈಗೇ ಕೊಡಿ. ರೆಕಾರ್ಡಿಂಗ್ ಪಟ್ಟಿಗೆ ಹೋಗಿ ನಿನ್ನೆಯದನ್ನು ಹಾಕಲು ಎಷ್ಟು ಬಟನ್ ಒತ್ತಬೇಕು, ಜಾಹೀರಾತು ಬಂದಾಗ ಅರ್ಧ ನಿಮಿಷ ಹಾರಿಸುವ ಬಟನ್ ಬೇರೆಯೇ ಇದೆಯಾ, ಒತ್ತಿದ ತಕ್ಷಣ ಕೇಳುತ್ತದೆಯಾ ಅಂತ ಅವರೇ ನೋಡಲಿ.

ಒಟ್ಟಿನಲ್ಲಿ ನಿಮ್ಮ ಜಾಗದಲ್ಲಿ ನಾನಿದ್ದರೆ ಮೊದಲು ಅಡಾಪ್ಟರ್, ಆಮೇಲೆ ಡಿಸ್ಕ್. ಅವೆರಡಕ್ಕೂ ಬಗ್ಗದಿದ್ದರೆ 1 ಟಿಬಿಯ, ಯುನಿಕೇಬಲ್ ಒಪ್ಪುವ ನಾಲ್ಕು ಟ್ಯೂನರ್ ಬಾಕ್ಸ್. ಎಲ್‌ಎನ್‌ಬಿ ಬದಲಿಸುವುದನ್ನು ಮಾತ್ರ ಸ್ವಲ್ಪ ದಿನ ಮುಂದಕ್ಕೆ ಹಾಕಿ. ಅಲ್ಲಿಯವರೆಗೆ ಎರಡು ಕೇಬಲ್‌ನಲ್ಲಿ ಒಂದನ್ನು ಹೊಸ ಬಾಕ್ಸ್‌ಗೆ, ಇನ್ನೊಂದನ್ನು ಹಳೆಯದಕ್ಕೆ ಕೊಡಿ. ಹೊಸದು ಸರಿಯಾಗಿ ರೆಕಾರ್ಡ್ ಮಾಡುತ್ತದಾ ಅಂತ ನಂಬಿಕೆ ಬರುವವರೆಗೆ ಅಮ್ಮನ ಧಾರಾವಾಹಿ ಎರಡರಲ್ಲೂ ರೆಕಾರ್ಡ್ ಆಗಲಿ. ಹೊಸ ಬಾಕ್ಸ್‌ನ ಸೆಟಪ್‌ನಲ್ಲಿ ಒಂದೇ ಕೇಬಲ್ ಎಂಬುದನ್ನು ಆರಿಸುವುದು ಮರೆಯಬೇಡಿ, ಹಳೆಯದರಲ್ಲೂ ಹಾಗೇ ಬದಲಿಸಿ. ಇಲ್ಲದಿದ್ದರೆ ಬಾಕ್ಸ್ ಇಲ್ಲದ ಕೇಬಲ್‌ನಿಂದ ರೆಕಾರ್ಡ್ ಮಾಡಲು ಹೋಗಿ, ಪಟ್ಟಿಯಲ್ಲಿ ಹೆಸರು ಮಾತ್ರ ಇಟ್ಟು ಒಳಗೆ ಏನೂ ಇಲ್ಲದ ಹಾಗೆ ಮಾಡಿಬಿಡುತ್ತದೆ.